ಸರ್ಕಾರಿ ಸಂಬಳ ಹೆಚ್ಚಾಯಿತೆ?



ಕೆಲವು ಪ್ರಶ್ನೆಗಳು ಶಾಸ್ತ್ರಗ್ರಂಥಗಳಿಂದ ಹುಟ್ಟುತ್ತವೆ. ಮತ್ತೆ ಕೆಲವು ಮನೆಯ ಜಗುಲಿಯ ಮೇಲೆ ಹುಟ್ಟುತ್ತವೆ. ಎರಡನೆಯ ಬಗೆಯವು ಮೊದಲನೆಯವಕ್ಕಿಂತ ಕಿರಿದೆಂದು ಭಾವಿಸಲಾಗದು. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಮಾವಿನ ತೋಪಿನ ಅಂಚಿನಲ್ಲೊಂದು ಮನೆ. ಮನೆಯ ಹಿರಿಯರು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಮೂವತ್ತೆಂಟು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರ ಮಗ ಡಿಪ್ಲೊಮಾ ಮುಗಿಸಿ, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಾನೆ. ತಿಂಗಳ ಮೊದಲ ವಾರದಲ್ಲಿ ತಂದೆಗೆ ನಿವೃತ್ತಿ ವೇತನ ಬರುತ್ತದೆ, ಮಗನಿಗೆ ಸಂಬಳ ಬರುತ್ತದೆ. ತಂದೆಯದು ದೊಡ್ಡದು, ಮಗನದು ಚಿಕ್ಕದು. ಒಂದು ದಿನ ರಾತ್ರಿಪಾಳಿ ಮುಗಿಸಿ ಬಂದ ಮಗ ಕೇಳಿದನಂತೆ: “ಅಪ್ಪಾ, ನೀವು ಜಗುಲಿಯ ಮೇಲೆ ಕುಳಿತಿದ್ದರೂ ಬರುವ ಹಣ, ನಾನು ರಾತ್ರಿಯೆಲ್ಲ ನಿಂತು ದುಡಿದದ್ದಕ್ಕೆ ಬರುವ ಹಣಕ್ಕಿಂತ ಹೆಚ್ಚಾಗಿದೆ. ಇದು ಯಾವ ಲೆಕ್ಕ?”

ಆ ಹಿರಿಯರಿಗೆ ಆಗ ಉತ್ತರ ತೋರಲಿಲ್ಲ. ಮಠದ ಜಾತ್ರೆಯ ದಿನ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಾಗ ಆ ಪ್ರಶ್ನೆಯನ್ನು ನನ್ನ ಮುಂದಿಟ್ಟರು. “ನಾನು ಪಡೆದದ್ದು ಹೆಚ್ಚಾಯಿತೇ? ಹೆಚ್ಚಾಗಿದ್ದರೆ ಅದು ಯಾರ ಪಾಲು?” ಎಂದರು. ಈ ಮಾತು ಅವರೊಬ್ಬರದಲ್ಲ. ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಅನೇಕರು ಸರ್ಕಾರದ ಸೇವೆಯಲ್ಲಿ ಇರುವವರು ಅಥವಾ ಇದ್ದವರು. ಅನೇಕರ ಮಕ್ಕಳು ಖಾಸಗಿ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ, ಶಾಲೆಗಳಲ್ಲಿ ದುಡಿಯುವವರು. ಕೆಲವರು ತಾವೇ ನಾಲ್ಕು ಜನಕ್ಕೆ ಸಂಬಳ ಕೊಡುವ ಯಜಮಾನರು. ಆದಕಾರಣ ಈ ಪ್ರಶ್ನೆಯನ್ನು ಕೋಪವಿಲ್ಲದೆ, ಪಕ್ಷಪಾತವಿಲ್ಲದೆ ಒಮ್ಮೆ ತೂಗಿ ನೋಡುವುದು ನಮ್ಮೆಲ್ಲರ ಕರ್ತವ್ಯವೆಂದು ತೋರುತ್ತದೆ.

ಮೊದಲು ಅಂಕಿಗಳನ್ನು ನೋಡೋಣ. ಕರ್ನಾಟಕ ಸರ್ಕಾರವು 2022ರ ನವೆಂಬರಿನಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ಏಳನೆಯ ರಾಜ್ಯ ವೇತನ ಆಯೋಗವನ್ನು ರಚಿಸಿತು. ಆಯೋಗದ ವರದಿ 2024ರ ಮಾರ್ಚಿನಲ್ಲಿ ಸಲ್ಲಿಕೆಯಾಯಿತು. ಪರಿಷ್ಕೃತ ವೇತನ ಆ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೂ, ಗರಿಷ್ಠ ಮೂಲವೇತನ 1,50,600ರಿಂದ 2,41,200ಕ್ಕೂ ಏರಿದವು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚಿನ ಹೊರೆ ಬೀಳುವುದೆಂದು ಸರ್ಕಾರವೇ ತಿಳಿಸಿತು. “ಒಂದೇ ಏಟಿಗೆ ಹತ್ತು ಸಾವಿರ ಏರಿತು” ಎಂದು ಊರೂರಿನ ಹೋಟೆಲುಗಳಲ್ಲಿ ಮಾತಾಯಿತು.

ಆದರೆ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹಳೆಯ 17,000 ರೂಪಾಯಿಯ ಮೇಲೆ ಶೇಕಡ 31ರ ತುಟ್ಟಿಭತ್ಯೆ, ಎಂದರೆ 5,270 ರೂಪಾಯಿ, ಆ ನೌಕರನಿಗೆ ಮೊದಲೇ ಬರುತ್ತಿತ್ತು. ಅದನ್ನು ಮೂಲವೇತನದಲ್ಲಿ ಸೇರಿಸಿದರು. ನಿಜವಾದ ಏರಿಕೆ ಹಳೆಯ ಮೂಲವೇತನದ ಶೇಕಡ 27.5, ಎಂದರೆ 4,675 ರೂಪಾಯಿ. ಮೂರನ್ನೂ ಕೂಡಿದರೆ 26,945 ಆಗುತ್ತದೆ. ಅದನ್ನೇ 27,000 ಎಂದು ಪೂರ್ಣಗೊಳಿಸಿದರು. ಆ ಶೇಕಡ 27.5ರಲ್ಲಿಯೂ ಶೇಕಡ 17ರಷ್ಟನ್ನು, 2023ರ ಮಾರ್ಚ್ 1ರ ಮುಷ್ಕರದ ತರುವಾಯ, ಮಧ್ಯಂತರ ಪರಿಹಾರವೆಂದು ಮುಂಚೆಯೇ ಕೊಟ್ಟಾಗಿತ್ತು. ಹೀಗೆ ಜನರ ಬಾಯಲ್ಲಿ ಹತ್ತು ಸಾವಿರವಾದದ್ದು, ಲೆಕ್ಕದ ಪುಸ್ತಕದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಪರರ ಗಳಿಕೆಯನ್ನು ಎಣಿಸುವಾಗ ನಮ್ಮ ಕಣ್ಣು ದೊಡ್ಡದಾಗುತ್ತದೆ, ನಮ್ಮದನ್ನು ಎಣಿಸುವಾಗ ಕಿರಿದಾಗುತ್ತದೆ. ಇದು ಮನುಷ್ಯ ಸ್ವಭಾವ.

ಹಾಗೆಂದು ಮಗನ ಪ್ರಶ್ನೆ ಸುಳ್ಳಾಗಲಿಲ್ಲ. ಕೇಂದ್ರ ಸರ್ಕಾರದ ಏಳನೆಯ ವೇತನ ಆಯೋಗವು ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿಂದ ಇದೇ ವಿಷಯದ ಅಧ್ಯಯನ ಮಾಡಿಸಿ, 2015ರ ತನ್ನ ವರದಿಯಲ್ಲಿ ಅದರ ಫಲವನ್ನು ದಾಖಲಿಸಿದೆ. ಸರ್ಕಾರದ ಅತ್ಯಂತ ಕೆಳಗಿನ ಹಂತದ ಸಾಮಾನ್ಯ ಸಹಾಯಕನಿಗೆ ಎಲ್ಲ ಭತ್ಯೆಗಳೂ ಸೇರಿ ತಿಂಗಳಿಗೆ 22,579 ರೂಪಾಯಿ ದೊರೆಯುತ್ತಿತ್ತು. ಅಧ್ಯಯನಕ್ಕೆ ಒಳಪಟ್ಟ ಖಾಸಗಿ ಸಂಸ್ಥೆಗಳಲ್ಲಿ ಅಂತಹದೇ ಕೆಲಸಕ್ಕೆ 8,000ದಿಂದ 9,500 ರೂಪಾಯಿ. ಎರಡು ಪಟ್ಟಿಗೂ ಮೀರಿದ ಅಂತರ! ನಿವೃತ್ತಿಯ ಅನಂತರದ ಸ್ಥಿತಿಯನ್ನು ನೋಡಿದರೆ ಅಂತರ ಇನ್ನೂ ಹಿರಿದು. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಖಾಸಗಿ ಕಾರ್ಮಿಕನಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ ಕೇವಲ 1,000 ರೂಪಾಯಿ. ನಮ್ಮ ಹಿರಿಯರಂತಹ ಹಳೆಯ ಯೋಜನೆಯವರಿಗಾದರೋ ಕಡೆಯ ವೇತನದ ಅರ್ಧದಷ್ಟು ಬಾಳಿನುದ್ದಕ್ಕೂ ಬರುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯದ ಸೇವೆಗೆ ಸೇರಿದವರಿಗೆ ಆ ಭಾಗ್ಯವನ್ನು ಹೊಸ ಪಿಂಚಣಿ ಯೋಜನೆ ತಪ್ಪಿಸಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ಸರ್ಕಾರಿ ನೌಕರರೆಲ್ಲರೂ ಒಂದೇ ಎಂಬ ಮಾತು ಇಲ್ಲಿಯೇ ಬಿರುಕು ಬಿಡುತ್ತದೆ.

ಮೇಲಿನ ಹಂತಕ್ಕೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ನಮ್ಮ ರಾಜ್ಯದ ಸೇವೆಯಲ್ಲಿ ಕನಿಷ್ಠ ಮೂಲವೇತನಕ್ಕೂ ಗರಿಷ್ಠ ಮೂಲವೇತನಕ್ಕೂ ಇರುವ ಅಂತರ ಒಂದಕ್ಕೆ ಸುಮಾರು ಒಂಬತ್ತು. ದೊಡ್ಡ ಕಂಪನಿಗಳ ಮುಖ್ಯಸ್ಥರೋ ವರ್ಷಕ್ಕೆ ಕೋಟಿಗಳಲ್ಲಿ ಪಡೆಯುತ್ತಾರೆ. ಅದೇ ಕಂಪನಿಯ ಅಂಗಳ ಗುಡಿಸುವವಳು ತಿಂಗಳಿಗೆ ಕೆಲವೇ ಸಾವಿರಗಳಲ್ಲಿ ಪಡೆಯುತ್ತಾಳೆ. ಒಂದು ಇಡೀ ಜಿಲ್ಲೆಯ ಹೊಣೆ ಹೊತ್ತ ಅಧಿಕಾರಿಯ ಸಂಬಳ, ದೊಡ್ಡ ಕಂಪನಿಯ ಮಧ್ಯಮ ದರ್ಜೆಯ ವ್ಯವಸ್ಥಾಪಕನದಕ್ಕಿಂತ ಕಡಿಮೆಯಿರುವುದು ಅಪರೂಪವಲ್ಲ. ಆದುದರಿಂದ “ಸರ್ಕಾರಿ ಸಂಬಳ ಹೆಚ್ಚು” ಎಂಬ ಮಾತು ಜವಾನನ ಮಟ್ಟಿಗೆ ನಿಜ, ಕಾರ್ಯದರ್ಶಿಯ ಮಟ್ಟಿಗೆ ಸುಳ್ಳು. ಸರ್ಕಾರವು ಕೆಳಗಿನವನನ್ನು ಮೇಲೆತ್ತಿ ಮೇಲಿನವನನ್ನು ತಡೆದಿದೆ. ಮಾರುಕಟ್ಟೆ ಕೆಳಗಿನವನನ್ನು ಅದುಮಿ ಮೇಲಿನವನನ್ನು ಹಾರಬಿಟ್ಟಿದೆ. ಈ ಎರಡರಲ್ಲಿ ಧರ್ಮಕ್ಕೆ ಹತ್ತಿರವಾದುದು ಯಾವುದು? ವಾಚಕರೇ, ನೀವೇ ಹೇಳಿರಿ.

“ಮಾರುಕಟ್ಟೆಯ ದರವೇ ನ್ಯಾಯದ ದರ, ಅದಕ್ಕಿಂತ ಹೆಚ್ಚಿನದೆಲ್ಲ ದುಂದು” ಎಂದು ವಾದಿಸುವವರಿದ್ದಾರೆ. ಈ ವಾದವನ್ನು ನಮ್ಮ ಜಿಲ್ಲೆಯ ರೈತನ ಮುಂದೆ ಇಟ್ಟು ನೋಡಬೇಕು. 2023ರ ಜುಲೈ ತಿಂಗಳಲ್ಲಿ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸಿಗೆ 2,000 ರೂಪಾಯಿಗೂ ಮೇಲೆ ಬೆಲೆ ಬಂದಿತ್ತು. ಅದೇ ಮಾರುಕಟ್ಟೆಗೆ ತಂದ ಅದೇ ಹಣ್ಣನ್ನು, ಕೇಳುವವರಿಲ್ಲದೆ ರಸ್ತೆಯ ಬದಿಗೆ ಸುರಿದುಹೋದ ದಿನಗಳನ್ನೂ ನಾವು ಕಂಡಿದ್ದೇವೆ. ಆ ಎರಡು ದಿನಗಳ ನಡುವೆ ಹಣ್ಣಿನ ರುಚಿ ಬದಲಾಯಿತೆ? ಬೆಳೆದವನ ಬೆವರು ಕಡಿಮೆಯಾಯಿತೆ? ಸಾವಿರ ಅಡಿಗೂ ಆಳದ ಕೊಳವೆಬಾವಿಯ ಸಾಲ ತಗ್ಗಿತೆ? ಇಲ್ಲ. ಬದಲಾದದ್ದು ಮಾರುವವರ ಸಂಖ್ಯೆ, ಕೊಳ್ಳುವವರ ಅವಸರ. ಮಾರುಕಟ್ಟೆಯ ದರ ಎಷ್ಟು ಜನ ಮಾರಲು ನಿಂತಿದ್ದಾರೆ ಎಂಬುದನ್ನು ಹೇಳುತ್ತದೆಯೇ ಹೊರತು, ಮಾರುವ ವಸ್ತುವಿನ ಯೋಗ್ಯತೆಯನ್ನು ಹೇಳುವುದಿಲ್ಲ. ಟೊಮ್ಯಾಟೊ ವಿಷಯದಲ್ಲಿ ನಿಜವಾದದ್ದು ತೋಳಿನ ವಿಷಯದಲ್ಲಿಯೂ ನಿಜ.

ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ನರಸಾಪುರ. 2020ರ ಡಿಸೆಂಬರ್ 12ರ ಬೆಳಗಿನ ಜಾವ, ಆಪಲ್ ಕಂಪನಿಗೆ ಫೋನುಗಳನ್ನು ಜೋಡಿಸಿಕೊಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಗಾಜುಗಳನ್ನು ಒಡೆದರು, ವಾಹನಗಳನ್ನು ಉರುಳಿಸಿದರು. ಕಾರಣ ಸಂಬಳ. ಇಂಜಿನಿಯರಿಂಗ್ ಪದವೀಧರರಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡು, ಮೊದಲು 16,000, ಆಮೇಲೆ 12,000 ಕೊಟ್ಟರೆಂದು ಅಂದಿನ ವರದಿಗಳು ತಿಳಿಸಿದವು. ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಕಂಪನಿಯ ನೌಕರರೇ ಆಗಿರಲಿಲ್ಲ. ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ವಾರ ಕಳೆಯುವಷ್ಟರಲ್ಲಿ, ಕೆಲವು ಕಾರ್ಮಿಕರಿಗೆ ಸರಿಯಾಗಿ ಮತ್ತು ಸಕಾಲದಲ್ಲಿ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೋರಿತು; ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು. ಅಂದು ನಡೆದ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಅಹಿಂಸೆಯ ದಾರಿ ಬಿಟ್ಟವನು ತನ್ನ ನ್ಯಾಯವನ್ನೇ ಬಡವಾಗಿಸಿಕೊಳ್ಳುತ್ತಾನೆ. ಆದರೆ ಒಡೆದ ಗಾಜಿನ ಬೆಲೆಯನ್ನು ಒಡನೆಯೇ ಎಣಿಸಿದ ನಾಡು, ತಿಂಗಳುಗಟ್ಟಲೆ ಕುಗ್ಗುತ್ತ ಬಂದ ಸಂಬಳವನ್ನು ಗಾಜು ಒಡೆದ ಮೇಲೆಯೇ ಎಣಿಸಿತು ಎಂಬುದು ನಾವೆಲ್ಲ ತಲೆ ತಗ್ಗಿಸಬೇಕಾದ ಸಂಗತಿ.

ಹಾಗಾದರೆ ಸಂಬಳವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಮೊದಲನೆಯದು ಅವಶ್ಯಕತೆ. 1957ರಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಒಂದು ಲೆಕ್ಕ ಹಾಕಿತು. ದುಡಿಯುವವನ ಸಂಸಾರವನ್ನು ಮೂರು ಜನ ವಯಸ್ಕರ ಬಳಕೆಗೆ ಸಮವೆಂದು ಹಿಡಿಯಬೇಕು. ತಲೆಗೆ ದಿನಕ್ಕೆ 2,700 ಕ್ಯಾಲರಿಗಳ ಆಹಾರ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ತಲೆಯ ಮೇಲೊಂದು ಸೂರು. ಸೌದೆ, ದೀಪ ಮೊದಲಾದವಕ್ಕೆ ಒಟ್ಟಿನ ಶೇಕಡ 20. ಇವೆಲ್ಲವನ್ನು ಕೊಳ್ಳಲು ಬೇಕಾದ ಹಣವೇ ಕನಿಷ್ಠ ವೇತನ. ಕೇಂದ್ರ ವೇತನ ಆಯೋಗವು ಇದೇ ಸೂತ್ರದ ಆಧಾರದ ಮೇಲೆ, ಇನ್ನೂ ಕೆಲವು ಬಾಬುಗಳನ್ನು ಸೇರಿಸಿ, 2016ರ ಜನವರಿ 1ರಿಂದ 18,000 ರೂಪಾಯಿಯ ಕನಿಷ್ಠ ವೇತನವನ್ನು ಗೊತ್ತುಮಾಡಿತು. ಇದರಲ್ಲಿ ವಿಲಾಸವೆಲ್ಲಿದೆ? ಅನ್ನ, ಬಟ್ಟೆ, ಸೂರು, ಮಕ್ಕಳ ಓದು, ಮಗಳ ಮದುವೆ, ಇಷ್ಟೇ. ಇದು ಮನುಷ್ಯನಾಗಿ ಬದುಕಲು ಬೇಕಾದಷ್ಟು ಎಂದಾದರೆ, ಇದನ್ನು ಪಡೆಯುವ ಸರ್ಕಾರಿ ಜವಾನನು ಹೆಚ್ಚು ಪಡೆಯುತ್ತಿಲ್ಲ. ಇದರ ಅರ್ಧ ಪಡೆಯುವ ಖಾಸಗಿ ಕಾರ್ಮಿಕನು ಕಡಿಮೆ ಪಡೆಯುತ್ತಿದ್ದಾನೆ. ಸಂವಿಧಾನದ 43ನೆಯ ಅನುಚ್ಛೇದವು ಜೀವನಯೋಗ್ಯ ವೇತನವನ್ನು ಸರ್ಕಾರಿ ನೌಕರರಿಗೆ ಮಾತ್ರ ಬಯಸಿಲ್ಲ. ಎಲ್ಲ ಕೆಲಸಗಾರರಿಗೂ ಬಯಸಿದೆ. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನದಲ್ಲಿ ಬಂದ ಹೊಸ ವೇತನ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಕಾಯಿದೆ ಬಂದಿತೆಂದ ಮಾತ್ರಕ್ಕೆ ಬಟ್ಟಲು ತುಂಬುವುದಿಲ್ಲವೆಂಬುದು ಮಾತ್ರ ನಮಗೆಲ್ಲ ಅನುಭವವೇದ್ಯ.

ಇಲ್ಲಿಗೆ ನಿಲ್ಲಿಸಿದರೆ ಸರ್ಕಾರಿ ನೌಕರ ಬಂಧುಗಳಿಗೆ ಸಂತೋಷವಾದೀತು. ಆದರೆ ಎರಡನೆಯ ಅಳತೆಗೋಲು ಇನ್ನೂ ಉಳಿದಿದೆ. ಅದು ಕಾಯಕ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಮಠದ ಅಂಗಳದಲ್ಲಿ ಬೆಳೆದ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದಲ್ಲ, ಆಯ್ದದ್ದೇ. ಆದರೂ ಅದು ಹೆಚ್ಚಾಯಿತು. ಹೆಚ್ಚು ಎಂಬುದಕ್ಕೆ ಲಕ್ಕಮ್ಮ ಕೊಟ್ಟ ಅರ್ಥ ಪಕ್ಕದ ಮನೆಯವನದಕ್ಕಿಂತ ಹೆಚ್ಚು ಎಂದಲ್ಲ. ನಮ್ಮ ಕಾಯಕಕ್ಕೂ ನಮ್ಮ ಅಗತ್ಯಕ್ಕೂ ಮೀರಿದ್ದು ಎಂದು. ಎಂಟು ಶತಮಾನಗಳ ಹಿಂದೆ ಒಬ್ಬ ಬಡ ಹೆಣ್ಣುಮಗಳು ಹಾಕಿದ ಈ ಲೆಕ್ಕವನ್ನು ಯಾವ ವೇತನ ಆಯೋಗವೂ ಹಾಕಿಕೊಡಲಾರದು. ಏಕೆಂದರೆ ಅದನ್ನು ಮನೆಯೊಳಗೇ ಹಾಕಬೇಕು.

ಈ ಅಳತೆಯಿಂದ ನೋಡಿದರೆ, ಹತ್ತು ಗಂಟೆಗೆ ಬರಬೇಕಾದವನು ಹನ್ನೆರಡಕ್ಕೆ ಬಂದರೆ, ಆ ಎರಡು ಗಂಟೆಯ ಸಂಬಳ ಹೆಚ್ಚಿನ ಅಕ್ಕಿ. ಮುಳಬಾಗಿಲಿನ ಆಚೆಯ ಹಳ್ಳಿಯಿಂದ ಪಹಣಿಗೋ ಪೋಡಿಗೋ ಬಂದ ಮುದುಕಿಯನ್ನು “ನಾಳೆ ಬಾ” ಎಂದು ನಾಲ್ಕು ಬಾರಿ ಅಲೆಸಿದವನಿಗೆ, ಅವಳು ಕಳೆದುಕೊಂಡ ನಾಲ್ಕು ದಿನದ ಕೂಲಿಯೆಲ್ಲವೂ ಸಾಲ. ಮೇಜಿನ ಕೆಳಗೆ ಕೈಚಾಚಿದವನ ಮಾತಂತೂ ಆಡುವುದೇ ಬೇಡ. ಅವನಿಗೆ ಒಂದು ರೂಪಾಯಿ ಸಂಬಳ ಕೊಟ್ಟರೂ ಹೆಚ್ಚೇ. ಬೆಂಗಳೂರಿನಲ್ಲಿ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ದೇವರ ಕೆಲಸವೆಂದ ಮೇಲೆ, ಎದುರಿಗೆ ನಿಂತ ಆ ಮುದುಕಿಯೇ ಅಲ್ಲಿ ದೇವರು. ಈ ಮಾತನ್ನು ಹಾಸ್ಯಕ್ಕೆ ಬಳಸುವ ಮಟ್ಟಕ್ಕೆ ನಾವು ಇಳಿದಿದ್ದರೆ, ತಪ್ಪು ಕೆತ್ತಿದ ಶಿಲ್ಪಿಯದಲ್ಲ.

ಸರ್ಕಾರಿ ಸಂಬಳಕ್ಕೂ ಖಾಸಗಿ ಸಂಬಳಕ್ಕೂ ಒಂದು ಮೂಲಭೂತ ಭೇದವಿದೆಯೆಂಬುದನ್ನು ಮರೆಯಲಾಗದು. ಖಾಸಗಿ ಯಜಮಾನ ಕೊಡುವುದು ತನ್ನ ವ್ಯಾಪಾರದ ಹಣ. ಸರ್ಕಾರ ಕೊಡುವುದು ಎಲ್ಲರ ಹಣ. ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯವನೂ ತೆರಿಗೆ ತೆರುತ್ತಾನೆ. ಡೀಸೆಲ್ ಕೊಳ್ಳುವ ರೈತನೂ ತೆರುತ್ತಾನೆ. ತನ್ನ ಗಳಿಕೆಗೆ ಯಾವ ಆಯೋಗವೂ ಇಲ್ಲದವನು, ತುಟ್ಟಿಭತ್ಯೆಯೇ ಕಾಣದವನು, ಆಯೋಗವುಳ್ಳವನ ಸಂಬಳದಲ್ಲಿ ಪಾಲು ಕೊಡುತ್ತಿದ್ದಾನೆ. ಆ ನಿವೃತ್ತ ಉಪಾಧ್ಯಾಯರ ಮಗನೂ ಕೊಡುತ್ತಿದ್ದಾನೆ. ಇದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ, ನ್ಯಾಯಾಲಯ, ರಸ್ತೆ ಇವೆಲ್ಲ ಅವನಿಗೂ ಬೇಕು. ಆದರೆ ಇದು ಋಣ. ಭಂಡಾರದ ಹೊಣೆ ಹೊತ್ತ ಬಸವಣ್ಣನವರೇ ರಾಜಸೇವೆಯಲ್ಲಿ ಇದ್ದವರು. ಭಂಡಾರವನ್ನು ಕಾಯುವವನು ಅದರ ಒಡೆಯನಲ್ಲ ಎಂಬ ಅರಿವೇ ಅವರ ರಾಜಸೇವೆಯನ್ನು ಕಾಯಕವಾಗಿಸಿತು.

ನಮ್ಮ ಜಿಲ್ಲೆಯ ನೆಲ ಈ ಅರಿವಿಗೆ ಪರಕೀಯವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ಉನ್ನತ ಹುದ್ದೆಗಳಲ್ಲಿ ದುಡಿದು, ತಮಗಿಂತ ಕಿರಿಯರೊಬ್ಬರನ್ನು ತಮ್ಮ ಮೇಲಕ್ಕೆ ಏರಿಸಿದಾಗ ರಾಜೀನಾಮೆಯನ್ನು ಮುಂದಿಟ್ಟು ಹೊರಬಂದವರು. ಅವರಿಗೆ ಸಂಬಳಕ್ಕಿಂತ ಸ್ವಾಭಿಮಾನ ದೊಡ್ಡದಾಗಿತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಸರ್ಕಾರದ ಸಂಬಳವನ್ನು ನೆಚ್ಚಿ ಬಾಳಿದವರಲ್ಲ. ಬರವಣಿಗೆಯಿಂದ ಕಷ್ಟಪಟ್ಟು ಜೀವಿಸಿದವರು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಅರ್ಪಿಸಿದ ಹಣವನ್ನು ಅವರು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಒಬ್ಬರು ಸರ್ಕಾರದ ಒಳಗಿದ್ದರು, ಒಬ್ಬರು ಹೊರಗಿದ್ದರು. ಹಣ ಎಷ್ಟು ಬಂದಿತೆಂಬುದರಿಂದ ಅವರನ್ನು ಯಾರೂ ಇಂದು ಅಳೆಯುವುದಿಲ್ಲ.

ಈಗ ಇನ್ನೊಂದು ಸತ್ಯವನ್ನು ಹೇಳಬೇಕು. ಸರ್ಕಾರ ಒಂದು ಕಡೆ, ಖಾಸಗಿ ಒಂದು ಕಡೆ ಎಂದು ನಾವು ಎಳೆದಿರುವ ಗೆರೆಯೇ ಪೂರ್ತಿ ಸರಿಯಲ್ಲ. ರಾಜ್ಯ ಸರ್ಕಾರದ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇದ್ದವೆಂದು ವೇತನ ಆಯೋಗದ ಕಾಲದ ಲೆಕ್ಕವೇ ತೋರಿಸಿತು. ಆ ಖಾಲಿ ಕುರ್ಚಿಗಳ ಕೆಲಸವನ್ನು ಬಹುಮಟ್ಟಿಗೆ ಹೊರಗುತ್ತಿಗೆಯವರು, ಅತಿಥಿಗಳು, ಗೌರವಧನದವರು ಮಾಡುತ್ತಿದ್ದಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯ ತನಕ ತಿಂಗಳಿಗೆ ಹೆಚ್ಚೆಂದರೆ 13,000 ರೂಪಾಯಿ ಇತ್ತು. ಪಕ್ಕದ ಕೋಣೆಯಲ್ಲಿ ಅದೇ ಪಾಠ ಹೇಳುವ ಖಾಯಂ ಅಧ್ಯಾಪಕರದು ಅದರ ಎಷ್ಟೋ ಪಟ್ಟು. ಮುಷ್ಕರ ಮಾಡಿದ ಮೇಲೆ ಅದು ಗರಿಷ್ಠ 32,000ಕ್ಕೆ ಏರಿತು. ಮನೆಮನೆಗೆ ನಡೆದು ಬಾಣಂತಿಯರನ್ನು ಕಾಯುವ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿಗಳನ್ನು ಕಳೆದದ್ದು, ತಿಂಗಳಿಗೆ 15,000 ರೂಪಾಯಿ ಖಾತರಿಯಾಗಲೆಂದು. ಇವರೂ ಸರ್ಕಾರದ ಕೆಲಸದವರೇ ಅಲ್ಲವೆ? ಇವರೂ ದೇವರ ಕೆಲಸದವರೇ ಅಲ್ಲವೆ?

ನಮ್ಮ ರಾಜ್ಯದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಹಿಂಬಾಗಿಲಿನಿಂದ ಬಂದ ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲವೆಂದಿತು. ಮುಂಬಾಗಿಲಿನಲ್ಲಿ ಸಾಲುಗಟ್ಟಿ ನಿಂತವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಒಂದೇ ಬಗೆಯ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೂ ಖಾಯಂ ಹುದ್ದೆಯ ಕನಿಷ್ಠ ವೇತನ ಸಲ್ಲಬೇಕೆಂದಿತು. ಎರಡನ್ನೂ ಜೊತೆಗಿಟ್ಟು ಓದಿದರೆ ತಿಳಿಯುವುದೇನು? ಹುದ್ದೆ ಬೇರೆಯಾಗಬಹುದು, ಹಸಿವು ಬೇರೆಯಾಗದು. ನಿಜವಾದ ಗೆರೆ ಇರುವುದು ಖಾಯಂ ಆದವನಿಗೂ ಗುತ್ತಿಗೆಯವನಿಗೂ ನಡುವೆ. ಸಂಘವುಳ್ಳವನಿಗೂ ಸಂಘವಿಲ್ಲದವನಿಗೂ ನಡುವೆ. ಖಾಯಂ ಎಂಬುದೂ ಶಾಶ್ವತವಲ್ಲ. ನಮ್ಮದೇ ಕೋಲಾರದ ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ, ಆಮೇಲೆ ಕೇಂದ್ರ ಸರ್ಕಾರ ವಹಿಸಿಕೊಂಡಾಗ, ಅಲ್ಲಿನ ದುಡಿಮೆಗೆ ಇನ್ನು ಚಿಂತೆಯಿಲ್ಲವೆಂದು ನಂಬಿದವರೆಷ್ಟು ಮಂದಿ! 2001ರ ಫೆಬ್ರವರಿ 28ರಂದು ಆ ಬಾಗಿಲು ಮುಚ್ಚಿತು.

ಹಾಗಾದರೆ ಮಾಡಬೇಕಾದುದೇನು? ಸರ್ಕಾರಿ ನೌಕರನ ಸಂಬಳವನ್ನು ಕಡಿದು ಖಾಸಗಿಯವನ ಮಟ್ಟಕ್ಕೆ ಇಳಿಸಬೇಕೆನ್ನುವವರ ಮಾತನ್ನು ನಾನು ಒಪ್ಪಲಾರೆ. ಒಬ್ಬನ ಮಣ್ಣಿನ ಗೋಡೆ ಬಿದ್ದಿತೆಂದು ಪಕ್ಕದವನ ಕಲ್ಲಿನ ಗೋಡೆಯನ್ನು ಕೆಡಹುವುದು ಸಮತೆಯಲ್ಲ. ಸರ್ಕಾರದ ಕನಿಷ್ಠ ವೇತನ, ನಾಡಿನ ಇತರ ಯಜಮಾನರ ಮುಂದೆ ಹಿಡಿದ ಒಂದು ದೀಪ. ಅದನ್ನು ಆರಿಸಿದರೆ ಕತ್ತಲೆಯಲ್ಲಿ ಯಾರಿಗೂ ದಾರಿ ಕಾಣದು. ಆದರೆ ಆ ದೀಪಕ್ಕೆ ಎಣ್ಣೆ ಎರೆಯುವವರು ಬಡವರೂ ಹೌದು ಎಂಬುದನ್ನು ದೀಪದ ಕೆಳಗೆ ಕುಳಿತವರು ಮರೆಯಬಾರದು. ಮುಂದಿನ ಆಯೋಗಗಳು ಮೇಲಿನವರ ಭತ್ಯೆಗಳನ್ನು ಬೆಳೆಸುವುದಕ್ಕಿಂತ ಮೊದಲು ಖಾಲಿ ಹುದ್ದೆಗಳನ್ನು ತುಂಬುವ, ಗುತ್ತಿಗೆಯವರಿಗೆ ಬದುಕುವಷ್ಟನ್ನು ಕೊಡಿಸುವ ಮಾತನ್ನು ಆಡಲಿ. ನೌಕರರ ಸಂಘಗಳು ತಮ್ಮ ಬೇಡಿಕೆಯ ಪಟ್ಟಿಯ ಮೊದಲ ಸಾಲಿನಲ್ಲಿ ಕಚೇರಿಯ ಹೊರಗುತ್ತಿಗೆ ಜವಾನನ ಹೆಸರನ್ನು ಬರೆಯಲಿ. ಆಗ ಅವರ ಮುಷ್ಕರಕ್ಕೆ ಬೀದಿಯಲ್ಲಿ ಹೋಗುವವನೂ ಕೈಮುಗಿದಾನು.

ಕಡೆಯದಾಗಿ ನಮ್ಮ ಮನೆಯ ಮಾತು. ಪರರಿಗೆ ಬುದ್ಧಿ ಹೇಳುವವನು ತನ್ನ ಅಂಗಳವನ್ನು ಗುಡಿಸಿರಬೇಕು. ಮಠಗಳು, ಧರ್ಮಸಂಸ್ಥೆಗಳು ನಾಡಿನಾದ್ಯಂತ ಶಾಲೆ ಕಾಲೇಜುಗಳನ್ನು ಕಟ್ಟಿ ಬಡಮಕ್ಕಳಿಗೆ ಅನ್ನ ಅಕ್ಷರಗಳನ್ನು ಕೊಟ್ಟಿವೆ. ನಾವೇ ಅದಕ್ಕೆ ಸಾಕ್ಷಿ. ಆದರೆ ಇಂತಹ ಸಂಸ್ಥೆಗಳಲ್ಲಿ ಒಂದೇ ಗಂಟೆಯ ಸದ್ದಿಗೆ ಎರಡು ತರಗತಿಗಳಿಗೆ ಹೋಗುವ ಇಬ್ಬರು ಉಪಾಧ್ಯಾಯರಿರುತ್ತಾರೆ. ಒಬ್ಬರಿಗೆ ಸರ್ಕಾರದ ಅನುದಾನದಿಂದ ಪೂರ್ಣ ವೇತನ. ಇನ್ನೊಬ್ಬರಿಗೆ ಆಡಳಿತ ಮಂಡಳಿ ಗೊತ್ತುಮಾಡಿದಷ್ಟು. ಆ ಇನ್ನೊಬ್ಬರಿಗೆ ಏನು ಕೊಡುತ್ತಿದ್ದೇವೆ? “ಇದು ಸೇವೆ, ಸಂಬಳ ಕೇಳಬಾರದು” ಎಂದು ನಾವು ಎಂದಾದರೂ ಹೇಳಿದ್ದೇವೆಯೆ? ದಾಸೋಹವನ್ನು ನಾವಾಗಿ ಮಾಡಬೇಕು. ಪರರಿಂದ ಮಾಡಿಸಿಕೊಂಡು ಅದಕ್ಕೆ ನಮ್ಮ ಹೆಸರಿಡಬಾರದು. ಸಂಸ್ಥೆಗಳ ಆಡಳಿತದಲ್ಲಿರುವ ಹಳೆಯ ವಿದ್ಯಾರ್ಥಿ ಬಂಧುಗಳು ಈ ಮಾತನ್ನು ಕಹಿಯೆನ್ನದೆ ಮನಸ್ಸಿಗೆ ತಂದುಕೊಳ್ಳಬೇಕೆಂದು ಬಿನ್ನಹ. ಅಂಗಡಿ, ಮಿಲ್ಲು, ಹೆಂಚಿನ ಕಾರ್ಖಾನೆಗಳ ಯಜಮಾನರಾದ ಭಕ್ತರಿಗೂ ಇದೇ ಬಿನ್ನಹ. ಜಾತ್ರೆಯ ದಿನ ಸಾವಿರ ಜನಕ್ಕೆ ಪ್ರಸಾದ ಬಡಿಸುವುದು ಪುಣ್ಯ. ತಿಂಗಳ ಮೊದಲ ದಿನ ನಮ್ಮ ನಾಲ್ಕು ಜನರಿಗೆ ಹೇಳಿದಷ್ಟನ್ನು, ಬದುಕುವಷ್ಟನ್ನು, ತಪ್ಪದೆ ಕೊಡುವುದು ಅದಕ್ಕಿಂತ ಮೊದಲಿನ ಪುಣ್ಯ.

ಆ ಹಿರಿಯರಿಗೆ ನಾನು ಹೇಳಿದ ಉತ್ತರ ಇಷ್ಟೇ: “ಮೇಷ್ಟರೇ, ಮೂವತ್ತೆಂಟು ವರ್ಷ ನೀವು ಗಂಟೆಗೆ ಸರಿಯಾಗಿ ಶಾಲೆಗೆ ಹೋಗಿದ್ದರೆ, ಹಿಂದಿನ ಬೆಂಚಿನ ಹುಡುಗನನ್ನೂ ಮುಂದಿನವನಷ್ಟೇ ಕಂಡಿದ್ದರೆ, ನೀವು ಪಡೆದದ್ದು ಹೆಚ್ಚಲ್ಲ. ನಿಮ್ಮ ಮಗನಿಗೆ ಸಿಗುತ್ತಿರುವುದು ಕಡಿಮೆ.” ಅವರು ಬಹಳ ಹೊತ್ತು ಎಲೆಯನ್ನೇ ನೋಡುತ್ತಿದ್ದರು. ಅನಂತರ ಹೇಳಿದರು: “ಎಲ್ಲ ದಿನವೂ ಸರಿಯಾಗಿ ಹೋದೆನೆಂದು ಹೇಳಲಾರೆ. ಕೆಲವು ದಿನಗಳ ಅಕ್ಕಿ ಹೆಚ್ಚಾಗಿದೆ.” ಈಗ ಅವರು ಸಂಜೆಯ ಹೊತ್ತು ಊರಿನ ಕೂಲಿಕಾರರ ಮಕ್ಕಳನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಗಣಿತ ಹೇಳಿಕೊಡುತ್ತಿದ್ದಾರೆ. ಹಣ ಮುಟ್ಟುವುದಿಲ್ಲ. ಮಗನ ಸಂಬಳ ಏರಿಲ್ಲ. ಅದು ಅವರ ಕೈಯಲ್ಲಿಲ್ಲ. ತಮ್ಮ ಕೈಯಲ್ಲಿದ್ದುದನ್ನು ಅವರು ಮಾಡಿದರು.

ವಾಚಕರೇ, ಈ ತಿಂಗಳ ಸಂಬಳವೋ ಪಿಂಚಣಿಯೋ ನಿಮ್ಮ ಕೈಸೇರಿದ ದಿನ, ಪಕ್ಕದವನು ಎಷ್ಟು ಪಡೆದ ಎಂದು ಕೇಳುವ ಮೊದಲು, ಮನೆಯೊಳಗಿನ ಲಕ್ಕಮ್ಮನ ಮಾತಿಗೆ ಒಮ್ಮೆ ಕಿವಿಗೊಡಿರಿ. ಸಂಬಳ ಕೊಡುವ ದಿನ ಬಂದಾಗಲೂ ಅದೇ ಮಾತಿಗೆ ಕಿವಿಗೊಡಿರಿ. ಪಡೆಯುವಲ್ಲಿ ಹೆಚ್ಚಾಗದಿರಲಿ, ಕೊಡುವಲ್ಲಿ ಕಡಿಮೆಯಾಗದಿರಲಿ.